ಗಂಟು ಮತ್ತು ಹಗ್ಗದ ಬಲ

ಬಾವಿ ತೋಡುವುದನ್ನು ನೀವು ನೋಡಿರಬಹುದು. ಒಳಗಿರುವವರು ಅಗೆದ ಮಣ್ಣನ್ನು ಬುಟ್ಟಿಗೆ ತುಂಬುತ್ತಾರೆ. ಮೇಲಿರುವವರು ಅದನ್ನು ರಾಟೆಗೆ ಹಾಕಿದ ಹಗ್ಗದಿಂದ ಎಳೆದುಕೊಳ್ಳುತ್ತಾರೆ. ಬುಟ್ಟಿಯು ಮೇಲೇರುವಷ್ಟು ಹೊತ್ತು ಕೆಳಗಿರುವವರ ಪ್ರಾಣವು ಆ ಹಗ್ಗವನ್ನೇ ಅವಲಂಬಿಸಿರುತ್ತದೆ. ಹಗ್ಗವು ತುಂಡಾದರೆ ಅದಕ್ಕೆ ಗಂಟು ಹಾಕಿ ಮತ್ತೆ ಬಳಸುವುದುಂಟು. ಗಂಟು ದಪ್ಪವಾಗಿ ಕಾಣುವುದರಿಂದ ಅಲ್ಲಿ ಹಗ್ಗವು ಹೆಚ್ಚು ಗಟ್ಟಿಯಾಗಿರುವುದೆಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಹಗ್ಗದ ಅತ್ಯಂತ ದುರ್ಬಲವಾದ ಸ್ಥಳವೇ ಅದು.

ಇದಕ್ಕೆ ಕಾರಣವೇನು? ನಾರುಗಳನ್ನು ಹೊಸೆದು ಎಳೆಗಳನ್ನೂ, ಎಳೆಗಳನ್ನು ಹುರಿಗೊಳಿಸಿ ಹಗ್ಗವನ್ನೂ ಮಾಡುತ್ತಾರೆ. ಹಗ್ಗವು ನೇರವಾಗಿರುವಾಗ ಭಾರವು ಎಲ್ಲ ನಾರುಗಳಿಗೂ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತದೆ. ಗಂಟಿನಲ್ಲಾದರೋ ಹಗ್ಗವು ಇಕ್ಕಟ್ಟಾಗಿ ಬಾಗುತ್ತದೆ. ಆಗ ಹೊರಬದಿಯ ನಾರುಗಳು ಹೆಚ್ಚು ಹಿಗ್ಗಿ ಭಾರದ ಬಹುಪಾಲನ್ನು ಹೊರುತ್ತವೆ. ಒಳಬದಿಯ ನಾರುಗಳಿಗೆ ಅಷ್ಟು ಸೆಳೆತವಿರುವುದಿಲ್ಲ. ಹೊರಗಿನವು ಮೊದಲು ಹರಿಯುತ್ತವೆ. ಅವುಗಳ ಪಾಲಿನ ಭಾರವು ಉಳಿದವುಗಳ ಮೇಲೆ ಬಿದ್ದು ಅವೂ ಹರಿಯುತ್ತವೆ. ಆದುದರಿಂದಲೇ ಹಗ್ಗವು ಸಾಮಾನ್ಯವಾಗಿ ಗಂಟಿನ ಅಂಚಿನಲ್ಲಿ ತುಂಡಾಗುತ್ತದೆ.

ಎಲ್ಲ ಗಂಟುಗಳೂ ಒಂದೇ ಬಗೆಯವಲ್ಲ. ಬಾಗು ಇಕ್ಕಟ್ಟಾದಷ್ಟೂ ನಷ್ಟ ಹೆಚ್ಚು. ಸರಳವಾದ ಒಂಟಿ ಗಂಟು ಹಗ್ಗದ ಬಲವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ನಾವಿಕರು ಬಳಸುವ, ಬೋಲೈನ್ ಎಂಬ ಜಾರದ ಕುಣಿಕೆಯಲ್ಲಿ ಸುಮಾರು ಶೇಕಡಾ 60ರಿಂದ 70ರಷ್ಟು ಬಲ ಉಳಿಯುತ್ತದೆ. ಗಂಟು ಹಾಕದೆ, ತುದಿಯ ಎಳೆಗಳನ್ನು ಬಿಚ್ಚಿ ಹಗ್ಗದೊಳಕ್ಕೇ ಕ್ರಮವಾಗಿ ಹೆಣೆದರೆ ಬಲದ ಬಹುಭಾಗವು ಉಳಿಯುತ್ತದೆ.

ಒಂದು ಲೆಕ್ಕವನ್ನು ನೋಡೋಣ. ಹೊಸ ಹಗ್ಗವೊಂದು 1000 ಕಿಲೋಗ್ರಾಂ ಭಾರಕ್ಕೆ ಹರಿಯುವುದೆಂದು ತಿಳಿಯಿರಿ. ಒಂಟಿ ಗಂಟು ಹಾಕಿದರೆ ಅದು ಸುಮಾರು 500 ಕಿಲೋಗ್ರಾಂಗೇ ಹರಿಯಬಹುದು. ಹಾಗೆಂದು ಅದಕ್ಕೆ 400 ಕಿಲೋಗ್ರಾಂ ಭಾರವನ್ನು ಕಟ್ಟಬಹುದೇ? ಕೂಡದು. ಬಿಸಿಲು ಮತ್ತು ಸವೆತಗಳಿಂದ ಹಗ್ಗವು ದಿನೇ ದಿನೇ ಕ್ಷೀಣಿಸುತ್ತದೆ. ಸಡಿಲವಾಗಿದ್ದ ಹಗ್ಗದ ಮೇಲೆ ಭಾರವು ತಟ್ಟನೆ ಬಿದ್ದರೆ ಸೆಳೆತವು ಆ ಭಾರದ ಎರಡರಷ್ಟನ್ನೂ ಮೀರಬಹುದು. ಆದುದರಿಂದ ಹರಿಯುವ ಭಾರದ ಹತ್ತನೆಯ ಒಂದು ಭಾಗವನ್ನು ಮಾತ್ರ ಎತ್ತುವುದು ಕ್ಷೇಮ. ಈ ಲೆಕ್ಕದಂತೆ ಗಂಟುಳ್ಳ ಹಗ್ಗವು ಸುರಕ್ಷಿತವಾಗಿ ಎತ್ತಬಲ್ಲುದು 50 ಕಿಲೋಗ್ರಾಂ ಮಾತ್ರ. ಒದ್ದೆ ಮಣ್ಣು ತುಂಬಿದ ದೊಡ್ಡ ಬುಟ್ಟಿಯೊಂದರ ತೂಕವೇ ಅಷ್ಟಿರಬಹುದು!

ಭಾರವನ್ನೆತ್ತುವ ಮೊದಲು ಹಗ್ಗವನ್ನು ಉದ್ದಕ್ಕೂ ಪರೀಕ್ಷಿಸಬೇಕು. ನಾರು ಕಿತ್ತ ಹಗ್ಗವನ್ನು ಭಾರವೆತ್ತಲು ಬಳಸಬಾರದು. ತೂಗುತ್ತಿರುವ ಭಾರದ ಕೆಳಗೆ ಯಾರೂ ನಿಲ್ಲಬಾರದು. ಗಂಟು ಹಾಕುವವನು ಮೇಲಿರುತ್ತಾನೆ. ಅವನ ಅಜಾಗರೂಕತೆಗೆ ಬಲಿಯಾಗುವವನು ಕೆಳಗಿರುತ್ತಾನೆ. ಇದನ್ನು ನಾವು ಎಂದಿಗೂ ಮರೆಯಬಾರದು.