ಗಿಡದ ಸಾರ, ಡಿಎನ್‌ಎ ಮತ್ತು ನಾನು ಕಲಿತದ್ದು

ನೇರಳೆ, ನೆಲ್ಲಿ, ಮುರುಗಲು, ಒಂದೆಲಗ: ಇವುಗಳ ಸಾರ ಡಿಎನ್‌ಎಯನ್ನು ಕಾಯುತ್ತದೆಯೇ ಎಂದು ನೋಡುವ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಇದನ್ನು ಬರೆಯುತ್ತಿದ್ದೇನೆ.

1. ಸಾರದ ಬಣ್ಣವನ್ನು ಮೊದಲು ಲೆಕ್ಕದಿಂದ ಕಳೆಯಿರಿ.
ಆಂಟಿಆಕ್ಸಿಡೆಂಟ್ ಗುಣ ಅಳೆಯಲು ಬಳಸುವ ಡಿಪಿಪಿಎಚ್ ದ್ರಾವಣದ ಬಣ್ಣ ನೇರಳೆ. ಆಂಟಿಆಕ್ಸಿಡೆಂಟ್ ಸೇರಿದರೆ ಹಳದಿಗೆ ತಿರುಗುತ್ತದೆ. ಅದನ್ನು 517 ನ್ಯಾನೊಮೀಟರಿನಲ್ಲಿ ಅಳೆಯುತ್ತೇವೆ. ನೇರಳೆ ಹಣ್ಣಿನ ಆಂಥೊಸಯನಿನ್ ಕೂಡ ಹೆಚ್ಚುಕಡಿಮೆ ಅಲ್ಲೇ ಬೆಳಕು ಹೀರುತ್ತದೆ. ಇದು ಹೊಳೆಯದೆ, ಸಿಪ್ಪೆಯಲ್ಲಿ ಹೆಚ್ಚೇನೂ ಸತ್ವವಿಲ್ಲ ಎಂದು ಬರೆದಿಟ್ಟಿದ್ದೆ. ಡಿಪಿಪಿಎಚ್ ಹಾಕದ ಬರೀ ಸಾರವನ್ನೂ ಅಳೆದು ಕಳೆದಾಗ ಫಲಿತಾಂಶವೇ ಬದಲಾಯಿತು.

2. ಡಿಎನ್‌ಎ ಕಾಯ್ದದ್ದು ಗಿಡವೋ, ದ್ರಾವಕವೋ?
ಇದು ಅರ್ಥವಾಗಲು ನನಗೆ ತುಂಬ ಕಾಲ ಹಿಡಿಯಿತು. ನಾವು ಬಳಸುವುದು ಪಿಬಿಆರ್322 ಎಂಬ, 4,361 ಬೇಸ್ ಜೋಡಿಗಳ ಉಂಗುರಾಕಾರದ ಡಿಎನ್‌ಎ. ಹುರಿಗೊಂಡ ಹಗ್ಗದಂತೆ ಬಿಗಿಯಾಗಿ ಸುತ್ತಿಕೊಂಡಿರುವಾಗ ಅದು ಅಗರೋಸ್ ಜೆಲ್‌ನಲ್ಲಿ ಬೇಗ ಓಡುತ್ತದೆ. ಕಬ್ಬಿಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿ ಹುಟ್ಟುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಒಂದೇ ಒಂದು ಎಳೆಯನ್ನು ಕಡಿದರೂ ಸಾಕು, ಹುರಿ ಸಡಿಲವಾಗಿ ಡಿಎನ್‌ಎ ಹಿಂದುಳಿಯುತ್ತದೆ. ನಮ್ಮ ಸಾರ ಹಾಕಿದ ಸಾಲುಗಳಲ್ಲೆಲ್ಲ ಅದು ಮುಂದೆಯೇ ಇತ್ತು. ಸಂಭ್ರಮಪಟ್ಟೆವು. ಆಮೇಲೆ ನೋಡಿದರೆ ಸಾರವಿಲ್ಲದೆ, ಅದನ್ನು ಕರಗಿಸಿದ್ದ ಬರೀ ಡಿಎಂಎಸ್‌ಒ ಹಾಕಿದ ಸಾಲಿನಲ್ಲೂ ಹಾಗೆಯೇ! ಡಿಎಂಎಸ್‌ಒ, ಎಥನಾಲ್ ಎರಡೂ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ತಾವೇ ಹಿಡಿದುಹಾಕುತ್ತವೆ. ಬಫರ್‌ನಲ್ಲಿರುವ ಟ್ರಿಸ್ ಮಾಡುವುದೂ ಅದನ್ನೇ. ಇಡಿಟಿಎ ಕಬ್ಬಿಣವನ್ನು ಹಿಡಿದು ಕ್ರಿಯೆಯ ದಾರಿಯನ್ನೇ ಬದಲಿಸುತ್ತದೆ. ಈಗ ಸಾರವನ್ನು ನೀರಿನಲ್ಲೇ ಕರಗಿಸಲು ನೋಡುತ್ತೇನೆ. ಆಗದಿದ್ದರೆ ಅಷ್ಟೇ ದ್ರಾವಕದ ಸಾಲೊಂದನ್ನು ಪಕ್ಕದಲ್ಲಿ ಓಡಿಸುತ್ತೇನೆ. ಆ ಸಾಲಿಲ್ಲದ ಜೆಲ್ ಚಿತ್ರವನ್ನು, ಯಾರದೇ ಆಗಲಿ, ನಾನು ನಂಬುವುದಿಲ್ಲ.

3. ಒಂದೇ ಪ್ರಮಾಣ ನೋಡಿ ಬರೆಯಬೇಡಿ.
ವಿಟಮಿನ್ ಸಿ, ಗ್ಯಾಲಿಕ್ ಆಮ್ಲದಂಥವು ಕೆಲವು ಪ್ರಮಾಣಗಳಲ್ಲಿ ಕಬ್ಬಿಣವನ್ನು ಮತ್ತೆ ಮತ್ತೆ ಫೆರಸ್ ರೂಪಕ್ಕೆ ತಂದು ರ‍್ಯಾಡಿಕಲ್‌ಗಳನ್ನು ಹೆಚ್ಚಿಸಬಲ್ಲವು. ಕಾಯಬೇಕಾದದ್ದೇ ಕಡಿಯುತ್ತದೆ. ಅಂಥ ಜೆಲ್‌ಗಳು ಬಂದಾಗ ಕೆಟ್ಟಿವೆಯೆಂದು ಎಸೆದಿದ್ದೆ. ಇಟ್ಟುಕೊಳ್ಳಬೇಕಿತ್ತು.

4. ಎಲೆಯನ್ನು ಬೇಗ ಒಣಗಿಸಿ.
ರಾಶಿ ಹಾಕಿದ ಒಂದೆಲಗ ಬಾಡಿ ಕಂದಾಗುತ್ತಿದೆ ಎಂದರೆ ಅದರದೇ ಕಿಣ್ವಗಳು ಪಾಲಿಫಿನಾಲ್‌ಗಳನ್ನು ಕೆಡಿಸುತ್ತಿವೆ ಎಂದು ಅರ್ಥ. ನೆರಳಲ್ಲಿ, ಗಾಳಿಯಾಡುವಲ್ಲಿ, ತೆಳುವಾಗಿ ಹರಡಿ.

5. ಜೆಲ್ ಚಿತ್ರ ತೋರಿಸಿ ಔಷಧ ಹೇಳಬೇಡಿ.
ಫಿನ್ಲೆಂಡಿನಲ್ಲಿ ಧೂಮಪಾನಿಗಳಾದ 29,133 ಗಂಡಸರ ಮೇಲೆ ನಡೆದ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಆಂಟಿಆಕ್ಸಿಡೆಂಟ್ ಆದ ಬೀಟಾ ಕ್ಯಾರೊಟೀನ್ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಲಿಲ್ಲ, ಶೇ. 18ರಷ್ಟು ಹೆಚ್ಚಿತ್ತು. ಗಿಡಗಳ ಪಾಲಿಫಿನಾಲ್‌ಗಳೂ ಕರುಳು, ಯಕೃತ್ತು ದಾಟುವಷ್ಟರಲ್ಲಿ ಬಹುಪಾಲು ಬೇರೆ ರೂಪ ತಾಳಿರುತ್ತವೆ. ಕೊಳವೆಗೆ ನಾವು ಹಾಕಿದ ಸಾರ ಜೀವಕೋಶಕ್ಕೆ ಹಾಗೆಯೇ ತಲುಪುವುದಿಲ್ಲ. ನೇರಳೆ ಬೀಜದ ಪುಡಿ ತಿಂದು ಸಕ್ಕರೆ ಕಾಯಿಲೆಯ ಮಾತ್ರೆ ಬಿಡಬಹುದೇ ಎಂದು ನನ್ನನ್ನು ಕೇಳುವವರಿದ್ದಾರೆ. ಡಾಕ್ಟರನ್ನು ಕೇಳದೆ ಒಂದು ಹೊತ್ತಿನದನ್ನೂ ಬಿಡಬೇಡಿ ಎನ್ನುತ್ತೇನೆ.