ಸ್ನೂಪ್: ಕದ್ದು ತಿನ್ನುವುದರಿಂದ ಕದ್ದು ನೋಡುವವರೆಗೆ



ಟಿ.ವಿ. ಸುದ್ದಿಯಲ್ಲಿ, ಕಾಲೇಜಿಗೆ ಹೋಗುವ ಮಕ್ಕಳ ಬಾಯಲ್ಲಿ ‘ಸ್ನೂಪ್’, ‘ಸ್ನೂಪಿಂಗ್’ ಎಂಬ ಮಾತು ಕೇಳಿರುತ್ತೀರಿ. ಬೇರೆಯವರ ಗುಟ್ಟನ್ನು ಅವರಿಗೆ ತಿಳಿಯದ ಹಾಗೆ ಹುಡುಕುವುದು, ಅವರ ಚೀಲ, ಕಾಗದಪತ್ರ, ಮೊಬೈಲು ತಡಕಾಡುವುದು – ಇದೇ ಈ ಕ್ರಿಯಾಪದದ ಅರ್ಥ. ಹಾಗೆ ಮಾಡುವವರು ‘ಸ್ನೂಪರ್’. ಸಂಘದಲ್ಲೂ ಮನೆಯಲ್ಲೂ ಬೇಕಾಗುವ ಪದವಾದ್ದರಿಂದ ಈ ಸಲದ ಇಂಗ್ಲಿಷ್ ಪಾಠಕ್ಕೆ ಇದನ್ನೇ ಆರಿಸಿಕೊಂಡಿದ್ದೇವೆ.

ಈ ಪದ ಹುಟ್ಟಿದ್ದು ತಿಂಡಿ ಡಬ್ಬದ ಹತ್ತಿರ ಅಂದರೆ ನಂಬುತ್ತೀರಾ? ಡಚ್ ಭಾಷೆಯ ‘ಸ್ನೂಪನ್’ ಎಂಬ ಪದಕ್ಕೆ ತಿಂಡಿಯನ್ನು, ಅದರಲ್ಲೂ ಸಿಹಿಯನ್ನು, ಕದ್ದುಮುಚ್ಚಿ ತಿನ್ನುವುದು ಎಂಬ ಅರ್ಥವಿತ್ತು. ‘ಸ್ನೂಪ್’ ಬಂದದ್ದು ಅದರಿಂದಲೇ ಎನ್ನುತ್ತಾರೆ ಭಾಷೆ ಬಲ್ಲವರು. ಹಾಲೆಂಡಿನಲ್ಲಿ ಮಿಠಾಯಿಗೆ ಇವತ್ತಿಗೂ ‘ಸ್ನೂಪ್’ ಎಂದೇ ಹೆಸರು. ಅಮೆರಿಕದ ನ್ಯೂಯಾರ್ಕ್ 1664ರವರೆಗೆ ಡಚ್ಚರ ಊರು. ಅದನ್ನು ಇಂಗ್ಲಿಷರು ವಶಪಡಿಸಿಕೊಂಡ ಮೇಲೂ ಡಚ್ ಮಾತುಗಳು ಅಲ್ಲಿ ಉಳಿದವು. ನಾವು ದಿನಾ ಹೇಳುವ ‘ಬಾಸ್’ ಕೂಡ ಡಚ್ ಪದವೇ. 1830ರ ದಶಕದ ಹೊತ್ತಿಗೆ ಅಮೆರಿಕದವರು ‘ಸ್ನೂಪ್’ ಪದವನ್ನು ಕದ್ದು ನೋಡುವುದಕ್ಕೆ ಬಳಸತೊಡಗಿದ್ದರು. ಡಬ್ಬಕ್ಕೆ ಕೈಹಾಕುವ ಮಗು ಆಚೆ ಈಚೆ ನೋಡುತ್ತದಲ್ಲ, ಆ ಕಳ್ಳನೋಟ ಪದದೊಳಗೆ ಹಾಗೇ ಇದೆ.

ಇದರ ಬಂಧುಗಳೂ ಇದ್ದಾರೆ. ‘ಪ್ರೈ’ ಅಂದರೆ ಕೆದಕುವುದು. ‘ಸ್ಪೈ’ ಅಂದರೆ ಬೇಹುಗಾರಿಕೆ. ಇನ್ನೊಂದು ‘ನೋಸ್’, ಅಂದರೆ ಮೂಗು. ನಾವು ‘ಮೂಗು ತೂರಿಸೋದು’ ಅನ್ನುತ್ತೇವಲ್ಲ, ಅವರೂ ಮೂಗನ್ನೇ ಹಿಡಿದಿದ್ದಾರೆ! ‘ಈವ್ಸ್‌ಡ್ರಾಪ್’ ಅಂದರೆ ಕದ್ದು ಕೇಳುವುದು. ‘ಈವ್ಸ್’ ಅಂದರೆ ಸೂರಿನ ಅಂಚು. ಮಳೆನೀರು ತೊಟ್ಟಿಕ್ಕುವ ಆ ಜಾಗದಲ್ಲಿ, ಗೋಡೆಗೆ ಕಿವಿಕೊಟ್ಟು ನಿಲ್ಲುವವರಿಂದ ಆ ಪದ ಬಂತು. ಇಂಗ್ಲೆಂಡಿನಲ್ಲಿ ಇದು 1967ರವರೆಗೂ ಕಾನೂನಿನಲ್ಲಿ ಅಪರಾಧವಾಗಿತ್ತು.

ಈಗ ನಮ್ಮ ಸಂಘದ ಮಾತಿಗೆ ಬರೋಣ. ಕೆಲವು ಕಡೆ ಲೆಕ್ಕ ಕೇಳಿದವರನ್ನೇ ‘ಇವಳದ್ದು ಬರೀ ಮೂಗು ತೂರಿಸೋ ಬುದ್ಧಿ’ ಅಂತ ಬಾಯಿ ಮುಚ್ಚಿಸುತ್ತಾರೆ. ಇದು ಸರಿಯಲ್ಲ. ಸಭೆಯಲ್ಲಿ ಎಲ್ಲರೆದುರು ನಗದು ಪುಸ್ತಕ, ಸಂಘದ ಪಾಸ್‌ಬುಕ್ ತೆಗೆದು ನೋಡುವುದು ಸದಸ್ಯೆಯ ಹಕ್ಕು. ಅದಕ್ಕೆ ಇಂಗ್ಲಿಷಿನಲ್ಲಿ ‘ಚೆಕ್’ ಎಂಬ ಬೇರೆಯೇ ಪದವಿದೆ. ಸಾಲ ಯಾವುದಕ್ಕೆ ಅಂತ ಸಭೆಯಲ್ಲಿ ಕೇಳುವುದೂ ಸರಿಯೇ. ಆದರೆ ಆಸ್ಪತ್ರೆ ಖರ್ಚಿಗೆಂದು ಸಾಲ ಪಡೆದವಳಿಗೆ ಏನು ಕಾಯಿಲೆ ಅಂತ ಅವಳ ಪಕ್ಕದ ಮನೆಯಲ್ಲಿ ಮೆಲ್ಲಗೆ ವಿಚಾರಿಸಿದರೆ, ಅದು ಸ್ನೂಪಿಂಗ್. ಸಾಲ ಮರುಪಾವತಿ ಸಂಘದ ವಿಷಯ, ಗರ್ಭಕೋಶದ ತೊಂದರೆ ಅವಳ ವಿಷಯ.

ಮೊಬೈಲಿನ ವಿಷಯದಲ್ಲಂತೂ ಕಾನೂನೇ ಇದೆ. ಹೆಂಗಸು ಇಂಟರ್‌ನೆಟ್, ಇ-ಮೇಲ್ ಇತ್ಯಾದಿ ಬಳಸುವುದರ ಮೇಲೆ ಗಂಡಸು ಕಣ್ಣಿಟ್ಟು ಕಾಯುವುದನ್ನು 2013ರಲ್ಲಿ ಅಪರಾಧವೆಂದು ಸೇರಿಸಲಾಯಿತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಆಗಿದೆ. ಮೊದಲ ಸಲ ಅಪರಾಧ ಸಾಬೀತಾದರೆ ಮೂರು ವರ್ಷದವರೆಗೆ ಸಜೆ, ಜೊತೆಗೆ ದಂಡ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

ಮುಂದಿನ ಸಭೆಗೆ ಎರಡು ವಾಕ್ಯ ಬಾಯಿಪಾಠ ಮಾಡಿಕೊಂಡು ಬನ್ನಿ. ‘ಡೋಂಟ್ ಸ್ನೂಪ್’ – ಕದ್ದು ನೋಡಬೇಡ. ‘ಮೇ ಐ ಸೀ ಇಟ್?’ – ಇದನ್ನು ನಾನು ನೋಡಬಹುದಾ?