ಮನೆ ತೋರಿಸಲು ಏಜೆಂಟರು, ಪತ್ರ ನೋಡಲು ವಕೀಲರು

ಬೆಂಗಳೂರಿನಲ್ಲಿ ಮನೆ ಕೊಳ್ಳಲು ಹೊರಟವರು ಮೊದಲು ಭೇಟಿಯಾಗುವುದು ಮಾರುವವರನ್ನಲ್ಲ, ಏಜೆಂಟರನ್ನು. ಯಾವ ಬಡಾವಣೆಯಲ್ಲಿ ಯಾವ ಮನೆ ಮಾರಾಟಕ್ಕಿದೆ, ಮಾರುವವರಿಗೆ ಹಣದ ತುರ್ತು ಎಷ್ಟಿದೆ, ಪಕ್ಕದ ರಸ್ತೆಯ ಮನೆ ಎಷ್ಟಕ್ಕೆ ಹೋಯಿತು ಎಂಬುದೆಲ್ಲ ಅವರಿಗೆ ಗೊತ್ತಿರುತ್ತದೆ. ಈ ತಿಳಿವಳಿಕೆಗೆ ಬೆಲೆ ಇದೆ, ಅದಕ್ಕೆ ಕಮಿಷನ್ ಕೊಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ವ್ಯಾಪಾರ ಕುದುರಿದರೆ ಮಾತ್ರ ಅವರ ಕೈಗೆ ದುಡ್ಡು. ಹಾಗಾಗಿ ಪತ್ರದಲ್ಲಿ ಸಣ್ಣ ತೊಡಕು ಕಂಡಾಗ ‘ಅದೇನೂ ಆಗಲ್ಲ ಸಾರ್, ಎಲ್ಲಾ ಕ್ಲಿಯರ್ ಇದೆ’ ಎಂಬ ಮಾತು ಒಳ್ಳೆಯ ಏಜೆಂಟರ ಬಾಯಲ್ಲೂ ಬಂದುಬಿಡುತ್ತದೆ. ಮನೆ ಹುಡುಕುವುದು, ಚೌಕಾಸಿ, ಓಡಾಟ ಇವಿಷ್ಟನ್ನು ಅವರಿಗೆ ಬಿಡಿ. ಪತ್ರ ಪರಿಶೀಲನೆ ಮತ್ತು ಹಣ ಪಾವತಿಯನ್ನು ಯಾವ ಕಾರಣಕ್ಕೂ ಬಿಡಬೇಡಿ.

ಮೊದಲು ಲೆಕ್ಕ, ಆಮೇಲೆ ಮನೆ

80 ಲಕ್ಷ ರೂಪಾಯಿಯ ಫ್ಲ್ಯಾಟ್ ಎಂದಿಟ್ಟುಕೊಳ್ಳಿ. ಗೃಹಸಾಲ 30 ಲಕ್ಷದಿಂದ 75 ಲಕ್ಷದ ನಡುವೆ ಇದ್ದರೆ ಬ್ಯಾಂಕುಗಳು ಮನೆಯ ಬೆಲೆಯ ಶೇ 80ರವರೆಗೆ ಮಾತ್ರ ಕೊಡಬಹುದು ಎಂಬುದು ರಿಸರ್ವ್ ಬ್ಯಾಂಕ್ ನಿಯಮ. ಅಂದರೆ ಹೆಚ್ಚೆಂದರೆ 64 ಲಕ್ಷ. ಉಳಿದ 16 ಲಕ್ಷ ನಿಮ್ಮ ಕೈಯಿಂದ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರ ಪ್ರದೇಶದಲ್ಲಿ ಶೇ 5.6 ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1ರಿಂದ ಶೇ 2ಕ್ಕೆ ಏರಿದೆ. ಎರಡೂ ಸೇರಿದರೆ 6.08 ಲಕ್ಷ. ಏಜೆಂಟರ ಕಮಿಷನ್ ಶೇ 1 ಎಂದರೆ 80 ಸಾವಿರ. ವಕೀಲರ ಶುಲ್ಕ, ಬ್ಯಾಂಕಿನ ಖರ್ಚು ಬಿಟ್ಟೇ ಸುಮಾರು 23 ಲಕ್ಷ ಕೈಯಲ್ಲಿರಬೇಕು. ಶುಲ್ಕ ಲೆಕ್ಕ ಹಾಕುವಾಗ ನೀವು ಕೊಡುವ ಬೆಲೆ ಮತ್ತು ಸರ್ಕಾರದ ಮಾರ್ಗಸೂಚಿ ಬೆಲೆ ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನೇ ಹಿಡಿಯುತ್ತಾರೆ.

ಇನ್ನೂ ಕಟ್ಟುತ್ತಿರುವ ಫ್ಲ್ಯಾಟ್ ಆದರೆ ಶೇ 5 ಜಿಎಸ್‌ಟಿ ಬೇರೆ. ಮಹಾನಗರದಲ್ಲಿ 45 ಲಕ್ಷ ರೂಪಾಯಿ, 60 ಚದರ ಮೀಟರ್ ಮಿತಿಯೊಳಗಿನ ಫ್ಲ್ಯಾಟಿಗೆ ಅದು ಶೇ 1.

ಏಜೆಂಟರ ಜೊತೆ ಮಾತು ಬಾಯಲ್ಲೇ ಉಳಿಯದಿರಲಿ

2016ರ ರೇರಾ ಕಾಯ್ದೆಯ ಪ್ರಕಾರ ನೋಂದಾಯಿತ ಯೋಜನೆಗಳಲ್ಲಿ ಫ್ಲ್ಯಾಟ್ ಅಥವಾ ಸೈಟ್ ಮಾರಿಸುವ ಏಜೆಂಟರೂ ರೇರಾದಲ್ಲಿ ನೋಂದಾಯಿಸಿಕೊಂಡಿರಬೇಕು. ಇಲ್ಲದೆ ವ್ಯವಹಾರ ಮಾಡಿದರೆ ದಿನಕ್ಕೆ 10 ಸಾವಿರ ರೂಪಾಯಿ ದಂಡ ಬೀಳುತ್ತದೆ, ಅದು ಆಸ್ತಿಯ ಬೆಲೆಯ ಶೇ 5ರವರೆಗೂ ಬೆಳೆಯಬಹುದು. ಕರ್ನಾಟಕ ರೇರಾ ಜಾಲತಾಣದಲ್ಲಿ ಏಜೆಂಟರ ಹೆಸರು ಹಾಕಿ ನೋಡಿ. ಏಜೆಂಟರ ನೋಂದಣಿ ಸಂಖ್ಯೆಯ ನಡುವೆ ‘ಎಜಿ’ ಎಂದೂ ಯೋಜನೆಯ ಸಂಖ್ಯೆಯಲ್ಲಿ ‘ಪಿಆರ್’ ಎಂದೂ ಇರುತ್ತದೆ. ಯೋಜನೆಯ ಸಂಖ್ಯೆಯನ್ನೇ ತಮ್ಮದೆಂದು ಕಾರ್ಡಿನಲ್ಲಿ ಅಚ್ಚು ಹಾಕಿಸಿಕೊಂಡವರನ್ನು ನಂಬಬೇಡಿ. ರೇರಾ ವ್ಯಾಪ್ತಿಗೆ ಬಾರದ ಹಳೆಯ ಮನೆಗಳ ಮರುಮಾರಾಟವನ್ನಷ್ಟೇ ಮಾಡಿಸುವ ಬ್ರೋಕರ್‌ಗಳಿಗೆ ಈ ನೋಂದಣಿ ಕಡ್ಡಾಯವಲ್ಲ. ಅಂಥವರ ವಿಷಯದಲ್ಲಿ ಅವರ ಮೂಲಕ ಮನೆ ಕೊಂಡ ಇಬ್ಬರನ್ನಾದರೂ ವಿಚಾರಿಸುವುದು ಒಳ್ಳೆಯದು.

ಬೆಂಗಳೂರಿನಲ್ಲಿ ಕಮಿಷನ್ ಸಾಮಾನ್ಯವಾಗಿ ಶೇ 1ರಿಂದ 2. ಹಲವೆಡೆ ಕೊಳ್ಳುವವರು, ಮಾರುವವರು ಇಬ್ಬರಿಂದಲೂ ತೆಗೆದುಕೊಳ್ಳುತ್ತಾರೆ. ಎಷ್ಟು ಶೇಕಡಾ, ಅದರ ಮೇಲೆ ಜಿಎಸ್‌ಟಿ ಇದೆಯೇ, ಯಾವಾಗ ಕೊಡಬೇಕು ಎಂಬ ಮೂರು ಸಂಗತಿಗಳನ್ನು ಮೊದಲ ಮನೆ ನೋಡುವ ಮುನ್ನವೇ ಕಾಗದದಲ್ಲಿ, ಆಗದಿದ್ದರೆ ವಾಟ್ಸ್‌ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ. ಕ್ರಯಪತ್ರ ನೋಂದಣಿಯಾದ ಮೇಲೆಯೇ ಕಮಿಷನ್ ಎಂಬುದು ನ್ಯಾಯವಾದ ಷರತ್ತು. ಅಗ್ರಿಮೆಂಟ್ ದಿನವೇ ಪೂರ್ತಿ ಕೇಳುವವರಿಗೆ ಆಮೇಲಿನ ಓಡಾಟದಲ್ಲಿ ಆಸಕ್ತಿ ಉಳಿಯುವುದಿಲ್ಲ. ಯಾವ ದಿನ ಯಾವ ಮನೆಯನ್ನು ಯಾರು ತೋರಿಸಿದರು ಎಂದೂ ಗುರುತು ಮಾಡಿಟ್ಟುಕೊಳ್ಳಿ. ಮನೆ ತೋರಿಸಿದವರು ಒಬ್ಬರು, ಮಾತು ಮುಗಿಸಿದವರು ಇನ್ನೊಬ್ಬರು ಆಗಿ ಇಬ್ಬರೂ ಕಮಿಷನ್ನಿಗೆ ಬಂದು ನಿಲ್ಲುವುದು ಇಲ್ಲಿ ಹೊಸದೇನಲ್ಲ.

ಮನೆ ನೋಡುವಾಗ

ಏಜೆಂಟರು ಕರೆದೊಯ್ದಾಗ ಒಮ್ಮೆ ನೋಡಿ. ಆಮೇಲೆ ಅವರಿಲ್ಲದೆ ಸಂಜೆ ಒಮ್ಮೆ, ಸಾಧ್ಯವಾದರೆ ಮಳೆ ಬಂದ ಮರುದಿನ ಒಮ್ಮೆ ಹೋಗಿ. ಬಾತ್‌ರೂಮಿಗೆ ಹೊಂದಿಕೊಂಡ ಮಲಗುವ ಕೋಣೆಯ ಗೋಡೆಯನ್ನು ನೆಲದಿಂದ ಎರಡಡಿ ಎತ್ತರದವರೆಗೆ ಅಂಗೈಯಿಂದ ಸವರಿ ನೋಡಿ. ಬಣ್ಣ ಉಬ್ಬಿದ್ದರೆ, ಪುಡಿಯಂತೆ ಉದುರಿದರೆ ಒಳಗೆ ನೀರು ಜಿನುಗುತ್ತಿದೆ ಎಂದರ್ಥ. ಮನೆಯೆಲ್ಲ ಹಳೆಯ ಬಣ್ಣದಲ್ಲಿದ್ದು ಒಂದೇ ಒಂದು ಗೋಡೆಗೆ ಹೊಸ ಬಣ್ಣ ಬಿದ್ದಿದ್ದರೆ ಯಾಕೆಂದು ಕೇಳಲೇಬೇಕು.

ನೀರಿನ ಬಗ್ಗೆ ಏಜೆಂಟರ ಮಾತು ಸಾಲದು. ಕಾವೇರಿ ಸಂಪರ್ಕ ಇದೆಯೇ, ವಾರಕ್ಕೆ ಎಷ್ಟು ದಿನ ನೀರು ಬರುತ್ತದೆ, ಬೋರ್‌ವೆಲ್‌ನಲ್ಲಿ ಬೇಸಿಗೆಯಲ್ಲೂ ನೀರಿರುತ್ತದೆಯೇ ಎಂದು ವಾಚ್‌ಮನ್‌ರನ್ನೋ ನೆರೆಯವರನ್ನೋ ಕೇಳಿ. ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಷನ್‌ನಿಂದ ಮಾರ್ಚ್‌ನಿಂದ ಮೇವರೆಗಿನ ಟ್ಯಾಂಕರ್ ಬಿಲ್ ಕೇಳಿ ಪಡೆಯಿರಿ. 2024ರ ಬೇಸಿಗೆಯ ನೀರಿನ ಬವಣೆ ಕಂಡವರಿಗೆ ಈ ಕಾಗದದ ಮಹತ್ವ ಗೊತ್ತು.

ಟೇಪ್ ಹಿಡಿದು ಅಳೆಯಲು ಸಂಕೋಚ ಬೇಡ. 1,200 ಚದರಡಿ ಸೂಪರ್ ಬಿಲ್ಟ್‌ಅಪ್ ಎಂದ ಫ್ಲ್ಯಾಟಿನಲ್ಲಿ ಕಾರ್ಪೆಟ್ ಏರಿಯಾ 900ಕ್ಕೂ ಇಳಿದಿರಬಹುದು. ಎರಡು ಮನೆಗಳ ಬೆಲೆ ಹೋಲಿಸುವುದಾದರೆ ಕಾರ್ಪೆಟ್ ಏರಿಯಾದ ಲೆಕ್ಕದಲ್ಲೇ ಹೋಲಿಸಿ. ನಿವೇಶನದ ಮನೆಯಾದರೆ ಸ್ಥಳದಲ್ಲೇ ನಿಂತು ಸರ್ವೆ ಇಲಾಖೆಯ ‘ದಿಶಾಂಕ್’ ಆ್ಯಪ್ ತೆರೆಯಿರಿ. ನೀವು ನಿಂತ ಜಾಗದ ಸರ್ವೆ ನಂಬರ್ ಅದರಲ್ಲಿ ಕಾಣುತ್ತದೆ. ಪತ್ರದಲ್ಲಿರುವ ನಂಬರಿಗೂ ಅದಕ್ಕೂ ತಾಳೆಯಾಗದಿದ್ದರೆ ವಕೀಲರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಸಿಕ್ಕಿತು. ಹತ್ತಿರದಲ್ಲಿ ರಾಜಕಾಲುವೆ, ಕೆರೆ ಇದ್ದರೆ ಗ್ರಾಮನಕ್ಷೆಯನ್ನೂ ತೆಗೆಸಿ ನೋಡಿ.

ಟೋಕನ್ ಅಡ್ವಾನ್ಸ್: ಹೆಚ್ಚಿನವರು ಎಡವುವ ಜಾಗ

ಮನೆ ಮನಸ್ಸಿಗೆ ಹಿಡಿಸಿದೆ, ಮನೆಯವರೆಲ್ಲ ಒಪ್ಪಿದ್ದಾರೆ. ಅಷ್ಟರಲ್ಲಿ ಫೋನ್ ಬರುತ್ತದೆ. ‘ಸಾಯಂಕಾಲ ಇನ್ನೊಂದು ಪಾರ್ಟಿ ಬರ್ತಿದೆ, ಐದು ಲಕ್ಷ ಟೋಕನ್ ಹಾಕಿಬಿಡಿ.’ ಈ ಇನ್ನೊಂದು ಪಾರ್ಟಿ ನಿಜವಾಗಿ ಇರಲೂಬಹುದು. ಇದ್ದರೂ ಪತ್ರ ನೋಡದೆ ದೊಡ್ಡ ಮೊತ್ತ ಕೊಡಬಾರದು. ಸಣ್ಣ ಮೊತ್ತವನ್ನು ಬ್ಯಾಂಕ್ ಮೂಲಕ, ಪತ್ರದಲ್ಲಿ ಹೆಸರಿರುವ ಮಾಲೀಕರ ಖಾತೆಗೇ ಹಾಕಿ. ಏಜೆಂಟರ ಖಾತೆಗಾಗಲಿ ಮಾಲೀಕರ ಅಳಿಯನ ಖಾತೆಗಾಗಲಿ ಬೇಡ. ಹಕ್ಕುಪತ್ರದಲ್ಲಿ ದೋಷ ಕಂಡರೆ ಅಥವಾ ಸಾಲ ಮಂಜೂರಾಗದಿದ್ದರೆ ಇಷ್ಟು ದಿನದೊಳಗೆ ಪೂರ್ತಿ ಹಣ ವಾಪಸ್ ಎಂದು ಮಾಲೀಕರ ಸಹಿಯಿರುವ ರಸೀದಿ ಪಡೆಯಿರಿ. ಇಷ್ಟಕ್ಕೂ ಒಪ್ಪದವರ ಮನೆ ತಪ್ಪಿಹೋದರೆ ನಷ್ಟವೇನಿಲ್ಲ. ಬಿಲ್ಡರ್‌ಗಳಿಂದ ಕೊಳ್ಳುವಾಗ ಕಾನೂನೇ ನಿಮ್ಮ ಬೆನ್ನಿಗಿದೆ: ಅಗ್ರಿಮೆಂಟ್ ಬರೆದು ನೋಂದಾಯಿಸದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ.

‘ಇಷ್ಟು ವೈಟ್, ಇಷ್ಟು ಬ್ಲ್ಯಾಕ್’ ಎಂಬ ಮಾತು ಇದೇ ಹೊತ್ತಿಗೆ ಬರುತ್ತದೆ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಕೊಳ್ಳುವವರಿಗೂ ಇದು ನಷ್ಟವೇ. ಪತ್ರದಲ್ಲಿ ಬೆಲೆ ಕಡಿಮೆಯಾದಷ್ಟೂ ಸಾಲ ಕಡಿಮೆ ಸಿಗುತ್ತದೆ, ಮುಂದೆ ನೀವೇ ಮಾರುವಾಗ ಲಾಭ ಹೆಚ್ಚೆಂದು ಕಂಡು ತೆರಿಗೆಯೂ ಹೆಚ್ಚುತ್ತದೆ. ವ್ಯವಹಾರ ಮುರಿದುಬಿದ್ದರೆ ಆ ನಗದಿಗೆ ಸಾಕ್ಷಿಯೇ ಇರುವುದಿಲ್ಲ.

ಪತ್ರಗಳು

ಏಜೆಂಟರು ‘ನಮ್ಮ ವಕೀಲರೇ ನೋಡಿದ್ದಾರೆ’ ಎಂದರೆ ವಿನಯದಿಂದಲೇ ಬೇಡವೆನ್ನಿ. ಬ್ಯಾಂಕಿನ ವಕೀಲರೂ ಬ್ಯಾಂಕಿನ ಹಣಕ್ಕಾಗಿ ನೋಡುತ್ತಾರೆಯೇ ಹೊರತು ನಿಮಗಾಗಿ ಅಲ್ಲ. ನೀವೇ ಗೊತ್ತುಮಾಡಿದ, ಆಸ್ತಿ ವ್ಯವಹಾರಗಳನ್ನೇ ನೋಡುವ ವಕೀಲರಿಂದ ಲಿಖಿತ ಅಭಿಪ್ರಾಯ ಪಡೆಯಿರಿ. ಮೂಲ ಕ್ರಯಪತ್ರಗಳು, ಖಾತಾ, ಕಂದಾಯ ರಸೀದಿ, ಮಂಜೂರಾದ ನಕ್ಷೆ, ಭೂಪರಿವರ್ತನೆ ಆದೇಶ, ಸ್ವಾಧೀನಾನುಭವ ಪತ್ರ ಅಂದರೆ ಒ.ಸಿ., ಇವೆಲ್ಲ ಅವರ ಪಟ್ಟಿಯಲ್ಲಿ ಇದ್ದೇ ಇರುತ್ತವೆ. ಒ.ಸಿ. ಇಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ ಮೇಲೆ ಆ ಕಾಗದದ ತೂಕ ಇನ್ನಷ್ಟು ಹೆಚ್ಚಿದೆ. ‘ಬಿ ಖಾತಾ ಇದೆ, ಎ ಖಾತಾ ಮಾಡಿಸಿಕೊಡ್ತೀವಿ’ ಎಂದರೆ ಮಾರುವವರೇ ಮೊದಲು ಮಾಡಿಸಲಿ, ಆಮೇಲೆ ಅಗ್ರಿಮೆಂಟ್.

ಋಣಭಾರ ಪ್ರಮಾಣಪತ್ರವನ್ನು, ಎಲ್ಲರೂ ಇ.ಸಿ. ಎನ್ನುವುದನ್ನು, ನೀವೂ ಓದಲು ಕಲಿಯಬೇಕು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ನೀವೇ ಅರ್ಜಿ ಹಾಕಬಹುದು. ವಕೀಲರು ಕನಿಷ್ಠ 30 ವರ್ಷದ್ದು ಕೇಳುತ್ತಾರೆ. ಅದರಲ್ಲಿ ಬರೆದುಕೊಟ್ಟವರು, ಬರೆಸಿಕೊಂಡವರು ಎಂಬ ಎರಡು ಕಲಂಗಳಿವೆ. ಒಂದು ವ್ಯವಹಾರದಲ್ಲಿ ಬರೆಸಿಕೊಂಡವರೇ ಮುಂದಿನ ವ್ಯವಹಾರದಲ್ಲಿ ಬರೆದುಕೊಟ್ಟವರಾಗಿರಬೇಕು. ಉದಾಹರಣೆಗೆ, 1996ರಲ್ಲಿ ತಂದೆ ಕೊಂಡಿದ್ದಾರೆ, 2019ರಲ್ಲಿ ಮಗ ಮಾರಿದ್ದಾನೆ. ನಡುವೆ ಆಸ್ತಿ ಮಗನಿಗೆ ಬಂದದ್ದು ಹೇಗೆ? ದಾನಪತ್ರವೋ, ವಿಭಾಗ ಪತ್ರವೋ, ವಿಲ್ಲೋ? ಏನೂ ಇಲ್ಲದಿದ್ದರೆ, ಹಿಂದೂ ಕುಟುಂಬಗಳಲ್ಲಿ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ತಾಯಿಗೂ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲಿದೆ. ಪಿತ್ರಾರ್ಜಿತವಾದರೆ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಕೊಟ್ಟಿದೆ. ‘ಅಕ್ಕಂದಿರ ಮದುವೆ ಆಗಿ ಹೋಗಿದೆ, ಅವರದ್ದೇನೂ ಇಲ್ಲ’ ಎಂಬ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ವಂಶವೃಕ್ಷ ತೆಗೆಸಿ, ಅದರಲ್ಲಿರುವ ಪ್ರತಿಯೊಬ್ಬ ವಾರಸುದಾರರೂ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಿ ಕೊಟ್ಟಿರಬೇಕು ಅಥವಾ ನಿಮ್ಮ ಕ್ರಯಪತ್ರಕ್ಕೆ ಸಹಿ ಹಾಕಬೇಕು. ಪಾಲುದಾರರಲ್ಲಿ ಅಪ್ರಾಪ್ತ ಮಕ್ಕಳಿದ್ದರೆ ನ್ಯಾಯಾಲಯದ ಅನುಮತಿ ಬೇಕೇ ಎಂದು ವಕೀಲರನ್ನು ಕೇಳಿ. ಒಬ್ಬ ತಂಗಿಯ ಸಹಿ ತಪ್ಪಿದ್ದಕ್ಕೆ ವರ್ಷಗಟ್ಟಲೆ ಸಿವಿಲ್ ಕೋರ್ಟಿಗೆ ಅಲೆಯುವ ಕುಟುಂಬಗಳು ನಮ್ಮ ಊರುಗಳಲ್ಲಿ ಎಷ್ಟೋ ಇವೆ. ಆ ಸಂಕಟ ಯಾರಿಗೂ ಬೇಡ.

ಇ.ಸಿ.ಯಲ್ಲಿ ಎಲ್ಲವೂ ಕಾಣುವುದಿಲ್ಲ ಎಂಬುದೂ ನೆನಪಿರಲಿ. ನೋಂದಣಿಯಾಗದ ಅಗ್ರಿಮೆಂಟ್, ನೋಂದಣಿಯಾಗದ ವಿಲ್, ನಡೆಯುತ್ತಿರುವ ಎಷ್ಟೋ ದಾವೆಗಳು ಅದರಲ್ಲಿ ಇರುವುದಿಲ್ಲ. ಅದಕ್ಕಾಗಿಯೇ ವಕೀಲರು ಪತ್ರಿಕೆಯಲ್ಲಿ ತಕರಾರು ಆಹ್ವಾನಿಸಿ ಪ್ರಕಟಣೆ ಕೊಡಿಸುತ್ತಾರೆ. ಆ ಖರ್ಚು ಉಳಿಸಲು ಹೋಗಬೇಡಿ. ಜೆರಾಕ್ಸ್ ಮಾತ್ರ ತೋರಿಸಿ ‘ಒರಿಜಿನಲ್ ಊರಲ್ಲಿದೆ’ ಎಂದರೆ ಪತ್ರಗಳು ಬ್ಯಾಂಕಿನಲ್ಲೋ ಸಾಲ ಕೊಟ್ಟ ಇನ್ನೊಬ್ಬರ ಬಳಿಯೋ ಅಡವಿರಬಹುದು. ಸಾಲ ಇದೆಯೆಂದು ಮಾರುವವರೇ ಹೇಳಿದರೆ ಹೆದರಬೇಕಿಲ್ಲ. ಬಾಕಿ ಎಷ್ಟೆಂದು ಬ್ಯಾಂಕಿನಿಂದ ಪತ್ರ ತರಿಸಿ, ಅಷ್ಟನ್ನು ನೇರವಾಗಿ ಬ್ಯಾಂಕಿಗೇ ಕಟ್ಟಿ, ಋಣಮುಕ್ತಿ ಪತ್ರ ಮಾಡಿಸಿಕೊಂಡರಾಯಿತು.

ಜಿಪಿಎ ಅಂದರೆ ಸಾಮಾನ್ಯ ಅಧಿಕಾರ ಪತ್ರ ಹಿಡಿದು ಮಾರಲು ಬಂದವರಿದ್ದರೆ ಅಧಿಕಾರ ಕೊಟ್ಟವರು ಬದುಕಿದ್ದಾರೆಯೇ ಎಂದು ನೇರವಾಗಿ ಖಚಿತಪಡಿಸಿಕೊಳ್ಳಿ. ಅವರು ತೀರಿಕೊಂಡರೆ ಸಾಮಾನ್ಯವಾಗಿ ಅಧಿಕಾರವೂ ಮುಗಿಯುತ್ತದೆ. ಅಮೆರಿಕ, ದುಬೈಗಳಲ್ಲಿದ್ದು ಇಲ್ಲಿ ಮನೆ ಕೊಳ್ಳುವ ಕನ್ನಡಿಗರು ಅಧಿಕಾರ ಪತ್ರವನ್ನು ಅಣ್ಣನಿಗೋ ತಾಯಿಗೋ ಕೊಡಲಿ, ಏಜೆಂಟರಿಗಲ್ಲ.

ಅಗ್ರಿಮೆಂಟಿನಿಂದ ನೋಂದಣಿಯವರೆಗೆ

ಸೇಲ್ ಅಗ್ರಿಮೆಂಟನ್ನು ನಿಮ್ಮ ವಕೀಲರೇ ಬರೆಯಲಿ, ಏಜೆಂಟರ ಸಿದ್ಧ ನಮೂನೆ ಬೇಡ. ಅಗ್ರಿಮೆಂಟಿನಿಂದ ಮನೆ ನಿಮ್ಮದಾಗುವುದಿಲ್ಲ, ಆದರೆ ನೋಂದಾಯಿಸಿದರೆ ಇ.ಸಿ.ಯಲ್ಲಿ ಬೀಳುತ್ತದೆ, ಅದೇ ಮನೆಯನ್ನು ಇನ್ನೊಬ್ಬರಿಗೆ ಮಾರುವುದು ಕಷ್ಟವಾಗುತ್ತದೆ. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1 ಟಿಡಿಎಸ್ ಹಿಡಿದು ನೀವೇ ಸರ್ಕಾರಕ್ಕೆ ಕಟ್ಟಬೇಕು. ಮಾರುವವರು ವಿದೇಶದಲ್ಲಿ ನೆಲೆಸಿದ ಅನಿವಾಸಿಯಾದರೆ ಈ ದರ ನಡೆಯುವುದಿಲ್ಲ, ಬಹಳ ಹೆಚ್ಚು ಹಿಡಿಯಬೇಕಾಗುತ್ತದೆ. ಅಂಥ ವ್ಯವಹಾರದಲ್ಲಿ ಮೊದಲ ಕಂತಿಗೂ ಮುನ್ನ ಆಡಿಟರನ್ನು ಕಾಣಿ.

ನೋಂದಣಿಗೆ ಈಗ ಇ-ಖಾತಾ ಬೇಕು. ಕರಡು ಪತ್ರವನ್ನು ಕಾವೇರಿ 2.0ರಲ್ಲಿ ಮೊದಲೇ ಹಾಕಿ, ಶುಲ್ಕ ಕಟ್ಟಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಮಯ ಗೊತ್ತುಮಾಡಿಕೊಳ್ಳಬೇಕು. ಈ ಓಡಾಟದಲ್ಲಿ ಅನುಭವಿ ಏಜೆಂಟರು ನಿಜಕ್ಕೂ ನೆರವಾಗುತ್ತಾರೆ. ಆದರೆ ಹಿಂದಿನ ರಾತ್ರಿ ಕರಡನ್ನು ಮನೆಯವರೆಲ್ಲ ಕೂತು ಗಟ್ಟಿಯಾಗಿ ಓದಿ. ಹೆಸರುಗಳು ಆಧಾರ್‌ನಲ್ಲಿ ಇರುವಂತೆಯೇ ಇವೆಯೇ, ಫ್ಲ್ಯಾಟ್ ನಂಬರ್, ಪಾರ್ಕಿಂಗ್ ನಂಬರ್ ಸರಿಯೇ, ಷೆಡ್ಯೂಲಿನ ಚಕ್ಕುಬಂದಿಯಲ್ಲಿ ಪೂರ್ವಕ್ಕೆ ರಸ್ತೆ ಎಂದಿರುವುದು ಸ್ಥಳದಲ್ಲೂ ಪೂರ್ವಕ್ಕೇ ಇದೆಯೇ ನೋಡಿ. ನೋಂದಣಿಯಾದ ಮೇಲೆ ಒಂದು ಅಕ್ಷರ ತಿದ್ದಬೇಕಾದರೂ ತಿದ್ದುಪಡಿ ಪತ್ರ ಬರೆಸಿ, ಮಾರಿದವರನ್ನು ಮತ್ತೆ ಕಚೇರಿಗೆ ಕರೆತರಬೇಕಾಗುತ್ತದೆ.

ಬಾಕಿ ಹಣದ ಡಿಡಿಯನ್ನು ನೋಂದಣಿಯ ಹೊತ್ತಿಗೇ ಕೊಡಿ, ಅದರ ನಂಬರ್ ಪತ್ರದಲ್ಲಿ ಬರೆದಿರಲಿ. ಹಳೆಯ ಮೂಲಪತ್ರಗಳು, ಬೀಗದ ಕೈ, ಅಸೋಸಿಯೇಷನ್‌ನ ಬಾಕಿಯಿಲ್ಲ ಪತ್ರ, ಕೊನೆಯ ವಿದ್ಯುತ್ ಮತ್ತು ನೀರಿನ ಬಿಲ್ ಇವನ್ನು ಪಟ್ಟಿ ಮಾಡಿ ಸಹಿ ಹಾಕಿಸಿ ತೆಗೆದುಕೊಳ್ಳಿ. ಖಾತಾ ಬದಲಾವಣೆ, ಬೆಸ್ಕಾಂ ಮತ್ತು ಜಲಮಂಡಳಿಯಲ್ಲಿ ಹೆಸರು ಬದಲಾವಣೆ ಮಾಡಿಸಿಕೊಡುವುದೂ ಮಾತಿನಲ್ಲಿ ಸೇರಿದ್ದರೆ ಕಮಿಷನ್ನಿನ ಒಂದು ಭಾಗವನ್ನು ಆ ಕೆಲಸ ಮುಗಿಯುವವರೆಗೆ ಉಳಿಸಿಕೊಳ್ಳುವುದಾಗಿ ಮೊದಲೇ ಹೇಳಿರಿ. ಕೆಲಸ ಮುಗಿದ ದಿನ ತಡಮಾಡದೆ ಕೊಟ್ಟು, ರಸೀದಿ ಪಡೆದು ಮನೆಪತ್ರಗಳ ಜೊತೆಗೇ ಇಟ್ಟುಕೊಳ್ಳಿ.